ಒಂದೇ ಅಕ್ಕಿ ರೊಟ್ಟಿಗೆ ಮೂರು ಆ್ಯಪ್, ಮೂರು ಲೆಕ್ಕ

ಪ್ರಶ್ನೆ: ನನಗೆ 42 ವರ್ಷ, ಎತ್ತರ 155 ಸೆಂ.ಮೀ., ತೂಕ 68 ಕೆ.ಜಿ. ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ಮನೆ. ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6.1 ಬಂದಿದೆ. ಸದ್ಯಕ್ಕೆ ಮಾತ್ರೆ ಬೇಡ, ನಾಲ್ಕೈದು ಕೆ.ಜಿ. ಇಳಿಸಿ, ಒಂದು ತಿಂಗಳು ತಿಂದದ್ದನ್ನೆಲ್ಲ ಆ್ಯಪ್‌ನಲ್ಲಿ ಬರೆದಿಡಿ ಎಂದರು ಡಾಕ್ಟರು. ಮೂರು ಆ್ಯಪ್ ಹಾಕಿಕೊಂಡೆ. ಬೆಳಿಗ್ಗೆ ತಿಂದ ಒಂದು ಅಕ್ಕಿ ರೊಟ್ಟಿಗೆ ಒಂದು 110 ಕ್ಯಾಲೊರಿ ಎನ್ನುತ್ತದೆ, ಇನ್ನೊಂದು 190, ಮತ್ತೊಂದು 270. ತಂಬುಳಿ, ಕಳಲೆ ಪಲ್ಯ ಹುಡುಕಿದರೆ ಸರಿಯಾದದ್ದು ಸಿಗುವುದೇ ಇಲ್ಲ. ಮಳೆ ಹಿಡಿಯಿತೆಂದರೆ ನಮ್ಮಲ್ಲಿ ನೆಟ್‌ವರ್ಕೂ ಇರುವುದಿಲ್ಲ. ಯಾವುದನ್ನು ನಂಬಲಿ?

ಉತ್ತರ: ಮೊದಲು ರೊಟ್ಟಿಯದ್ದೇ ಇತ್ಯರ್ಥ ಮಾಡೋಣ. ಅಕ್ಕಿ ರೊಟ್ಟಿ ಎಂಬ ಒಂದೇ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿ ಎರಡು ಬೇರೆ ಬೇರೆ ತಿಂಡಿಗಳಿವೆ. ನಿಮ್ಮ ಮನೆಯದು ಉಕ್ಕರಿಸಿದ ಹಿಟ್ಟಿನ ರೊಟ್ಟಿ ಇರಬೇಕು: ಕುದಿಯುವ ಉಪ್ಪುನೀರಿಗೆ ಹಿಟ್ಟು ಹಾಕಿ, ನಾದಿ, ತೆಳ್ಳಗೆ ಲಟ್ಟಿಸಿ, ಹೆಂಚಿನ ಮೇಲೆ ಬೇಯಿಸಿ ಕೆಂಡದ ಮೇಲೆ ಉಬ್ಬಿಸುವುದು. ಅದಕ್ಕೆ ಎಣ್ಣೆಯೇ ಇಲ್ಲ. ಬೆಂಗಳೂರು, ಮೈಸೂರು ಕಡೆಯದು ಈರುಳ್ಳಿ, ಸಬ್ಬಸಿಗೆ ಸೊಪ್ಪು, ಕಾಯಿತುರಿ ಸೇರಿಸಿ ಕಲಸಿ, ಬಾಣಲೆಗೆ ತಟ್ಟಿ, ಸುತ್ತ ಎಣ್ಣೆ ಬಿಟ್ಟು ಬೇಯಿಸುವ ದಪ್ಪ ರೊಟ್ಟಿ. ಆ್ಯಪ್‌ಗೆ ಯಾರೋ ಒಬ್ಬರು ಇದನ್ನು ಸೇರಿಸಿರುತ್ತಾರೆ, ಇನ್ನೊಬ್ಬರು ಅದನ್ನು. ಗಾತ್ರ ಎಷ್ಟು ಎಂದು ಇಬ್ಬರೂ ಬರೆದಿರುವುದಿಲ್ಲ. ಆದ್ದರಿಂದ ಮೂರು ಸಂಖ್ಯೆಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ, ಆದರೆ ಒಂದೂ ನಿಮ್ಮ ಹೆಂಚಿನ ಮೇಲಿನ ರೊಟ್ಟಿಯದ್ದಲ್ಲ.

ನಿಮ್ಮದನ್ನು ನೀವೇ ಲೆಕ್ಕ ಹಾಕಬಹುದು, ಕಷ್ಟವೇನಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶ ಕೋಷ್ಟಕವನ್ನು ಹೊಸದಾಗಿ ಪ್ರಕಟಿಸಿತು. ದೇಶದ ಬೇರೆ ಬೇರೆ ಭಾಗಗಳಿಂದ ಮಾದರಿ ತರಿಸಿ, 528 ಆಹಾರಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಮಾಡಿದ ಕೆಲಸ ಅದು. ಅದರ ಪ್ರಕಾರ 100 ಗ್ರಾಂ ಬಿಳಿ ಅಕ್ಕಿಯಲ್ಲಿ 356 ಕ್ಯಾಲೊರಿ, ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್, 8 ಗ್ರಾಂಗೆ ಸ್ವಲ್ಪ ಕಡಿಮೆ ಪ್ರೊಟೀನ್. ಅಕ್ಕಿ ಹಿಟ್ಟಿಗೂ ಇದೇ ಲೆಕ್ಕ ಸಾಕು. ಅರ್ಧ ಕೆ.ಜಿ. ಹಿಟ್ಟಿಗೆ ನಿಮ್ಮ ಕೈಯಲ್ಲಿ 12 ರೊಟ್ಟಿ ಆದರೆ, ಒಂದಕ್ಕೆ ಸುಮಾರು 42 ಗ್ರಾಂ ಹಿಟ್ಟು, ಹೆಚ್ಚುಕಡಿಮೆ 150 ಕ್ಯಾಲೊರಿ. ನೀರಿಗೂ ಉಪ್ಪಿಗೂ ಕ್ಯಾಲೊರಿ ಇಲ್ಲ. ಮೇಲೆ ಒಂದು ಸಣ್ಣ ಚಮಚ ತುಪ್ಪ ಸವರಿದರೆ ಇನ್ನೊಂದು 45 ಸೇರಿತು.

ಆ್ಯಪ್ ಯಾವುದಾದರೂ ಇರಲಿ, ಈ ಕೆಲಸವನ್ನು ಮನೆಯಲ್ಲಿ ಪದೇ ಪದೇ ಮಾಡುವ ಹದಿನೈದು ಇಪ್ಪತ್ತು ಅಡುಗೆಗೆ ಒಂದೊಂದು ಸಲ ಮಾಡಿಟ್ಟುಕೊಳ್ಳಬೇಕು. ನಾನು ಆ್ಯಪ್‌ಗಳನ್ನು ಹೋಲಿಸುವಾಗ ಮೊದಲು ನೋಡುವುದೂ ಇದನ್ನೇ: ನನ್ನ ಮನೆಯ ಅಡುಗೆಯನ್ನು ನನ್ನ ಅಳತೆಯಲ್ಲಿ ಬರೆದಿಡಲು ಇದು ಸಲೀಸಾಗಿ ಬಿಡುತ್ತದೆಯೇ? ಸಿದ್ಧ ತಿಂಡಿಗಳ ಪಟ್ಟಿ ಎಷ್ಟು ಲಕ್ಷ ಇದೆ ಎನ್ನುವುದು ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಒಂದೊಂದಾಗಿ ಹೇಳುತ್ತೇನೆ. ಮೈಫಿಟ್‌ನೆಸ್‌ಪಾಲ್ 2005ರಿಂದ ಇದೆ, ಪಟ್ಟಿ ಬಹಳ ದೊಡ್ಡದು. ಆದರೆ ಅದರ ಬಹುಭಾಗವನ್ನು ಬಳಕೆದಾರರೇ ತುಂಬಿದ್ದಾರೆ. ಒಂದೇ ಇಡ್ಲಿಗೆ ಹತ್ತಾರು ಸಾಲು ಬರುವುದು, ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗದಿರುವುದು ಅದಕ್ಕೇ. ಪ್ಯಾಕೆಟ್ ತಿಂಡಿಯ ಬಾರ್‌ಕೋಡ್ ಹಿಡಿದು ಲೆಕ್ಕ ತೆಗೆಯುವ ಸೌಲಭ್ಯ ಮೊದಲು ಉಚಿತವಾಗಿತ್ತು, 2022ರಲ್ಲಿ ಅದನ್ನು ಹಣ ಕೊಟ್ಟವರಿಗೆ ಮೀಸಲಿಟ್ಟರು. ಬಾರ್‌ಕೋಡ್ ಅಷ್ಟೇ ಬೇಕು ಎನ್ನುವವರಿಗೆ ಫ್ಯಾಟ್‌ಸೀಕ್ರೆಟ್ ಸಾಕು. ದಿನಕ್ಕೆ ಒಂದು ಬಿಸ್ಕತ್ ಪ್ಯಾಕೆಟ್ಟೂ ಒಡೆಯದ ಮನೆಗೆ ಅದರ ಅಗತ್ಯವೂ ಇಲ್ಲ.

ಹೆಲ್ದಿಫೈಮಿ ನಮ್ಮ ಬೆಂಗಳೂರಿನದೇ, 2012ರಲ್ಲಿ ಶುರುವಾದದ್ದು, ಈಗ ಹೆಲ್ದಿಫೈ ಎಂದು ಹೆಸರು. ಚಪಾತಿ, ಪಲ್ಯ, ಸಾರು, ಚಿತ್ರಾನ್ನಗಳನ್ನು ಬಟ್ಟಲು, ಸೌಟು, ಒಂದು ಎರಡು ಎಂಬ ಲೆಕ್ಕದಲ್ಲಿ ಹಾಕಲು ಅದರಷ್ಟು ಸುಲಭ ಇನ್ನೊಂದಿಲ್ಲ. ತೂಗುವ ತಾಳ್ಮೆಯೇ ಇಲ್ಲದವರಿಗೆ ನಾನು ಅದನ್ನೇ ಹೇಳುತ್ತೇನೆ, ಏನೂ ಬರೆಯದಿರುವುದಕ್ಕಿಂತ ಎಷ್ಟೋ ಮೇಲು. ಹಣ ಕೊಟ್ಟು ಸಲಹೆಗಾರರನ್ನು ಪಡೆಯುವ ಯೋಜನೆಗಳತ್ತ ಅದು ಆಗಾಗ ಎಳೆಯುತ್ತದೆ. ನಿಮಗೆ ನಿಮ್ಮ ಡಾಕ್ಟರು ಇದ್ದಾರೆ, ಆ ಕಡೆ ಹೋಗಬೇಕಾಗಿಲ್ಲ. ಅದರ ‘ಒಂದು ಬಟ್ಟಲು’ ನಿಮ್ಮ ಬಟ್ಟಲು ಹೌದೋ ಅಲ್ಲವೋ ಎಂದು ಮಾತ್ರ ಒಮ್ಮೆ ನೀರು ತುಂಬಿಸಿ ಅಳೆದು ನೋಡಿ. ಮಲೆನಾಡಿನ ಮನೆಗಳ ಸಾರಿನ ಬಟ್ಟಲು ದೊಡ್ಡದು.

ಕ್ರೋನೋಮೀಟರ್ ಕೆನಡಾದ್ದು. ಅದರ ಮೂಲ ಪಟ್ಟಿ ಚಿಕ್ಕದು, ಆದರೆ ಅಮೆರಿಕದ ಕೃಷಿ ಇಲಾಖೆ, ಮಿನ್ನೆಸೋಟಾ ವಿಶ್ವವಿದ್ಯಾಲಯದಂಥ ಕಡೆಯ ಪರೀಕ್ಷಿತ ಕೋಷ್ಟಕಗಳಿಂದ ಬಂದದ್ದು. ಕ್ಯಾಲೊರಿಯ ಜೊತೆ ಕಬ್ಬಿಣ, ಕ್ಯಾಲ್ಸಿಯಂ, ಬಿ12, ನಾರು ಹೀಗೆ ಎಂಬತ್ತಕ್ಕೂ ಮಿಕ್ಕಿ ಅಂಶಗಳನ್ನು ತೋರಿಸುತ್ತದೆ. ತೊಡದೇವು, ಪತ್ರೊಡೆ ಹುಡುಕಲು ಅದು ತಕ್ಕ ಜಾಗವಲ್ಲ. ಆದರೆ ಅಕ್ಕಿ, ತೆಂಗಿನಕಾಯಿ, ತೊಗರಿಬೇಳೆ, ಎಣ್ಣೆ, ಬೆಲ್ಲಗಳಿಗೆ ಗಟ್ಟಿ ಅಂಕಿ ಇರುತ್ತದೆ, ಅವನ್ನು ಸೇರಿಸಿ ನಿಮ್ಮ ಅಡುಗೆಯನ್ನು ನೀವು ಕಟ್ಟಿಕೊಳ್ಳಬಹುದು, ಉಚಿತವಾಗಿ. ನಿಮಗೆ ನನ್ನ ಆಯ್ಕೆ ಇದೇ. ರಾಷ್ಟ್ರೀಯ ಪೋಷಣಾ ಸಂಸ್ಥೆ ಕೂಡ ನ್ಯೂಟ್ರಿಫೈ ಇಂಡಿಯಾ ನೌ ಎಂಬ ಆ್ಯಪ್ ಮಾಡಿದೆ. ಕಳಲೆ, ಕೆಸುವಿನ ಎಲೆ, ಎಳೆ ಹಲಸಿನಂಥ ನಮ್ಮ ಪದಾರ್ಥಗಳ ಅಂಕಿ ಬೇಕಾದಾಗ ಆ ಸಂಸ್ಥೆಯ ಕೋಷ್ಟಕದ ಕಡೆಗೇ ಹೋಗಿ.

ಒಂದು ಎಚ್ಚರಿಕೆ. ಆ ಕೋಷ್ಟಕದಲ್ಲಿ ಶಕ್ತಿಯನ್ನು ಕಿಲೋಜೂಲ್‌ನಲ್ಲಿ ಕೊಟ್ಟಿದ್ದಾರೆ. 4.184ರಿಂದ ಭಾಗಿಸಿದರೆ ನಾವು ಹೇಳುವ ಕ್ಯಾಲೊರಿ ಸಿಗುತ್ತದೆ. ಅಕ್ಕಿಗೆ 1491 ಎಂದು ಕಂಡು ಗಾಬರಿಯಾಗಬೇಡಿ, ಅದೇ 356.

ಈಗ ಹುಳಿಯ ಉದಾಹರಣೆ. ಇದನ್ನು ನಿಧಾನವಾಗಿ ಓದಿ, ಉಳಿದ ಎಲ್ಲ ಅಡುಗೆಗೂ ಇದೇ ದಾರಿ. ಐದು ಕೆ.ಜಿ.ವರೆಗೆ ತೂಗುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಶಿವಮೊಗ್ಗದ ಗಾಂಧಿ ಬಜಾರಿನ ಪಾತ್ರೆ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಯಾವ ಆ್ಯಪ್‌ಗೆ ಚಂದಾ ಕಟ್ಟುವ ಮೊದಲೂ ಅದನ್ನು ತನ್ನಿ. ಖಾಲಿ ಪಾತ್ರೆಯನ್ನು ತೂಗಿ ಬರೆದಿಡಿ. 100 ಗ್ರಾಂ ತೊಗರಿಬೇಳೆ ಎಂದರೆ ಸುಮಾರು 330. ಅರ್ಧ ಕೆ.ಜಿ. ಸೌತೆಕಾಯಿ, 75. ನೂರು ಗ್ರಾಂ ಹಸಿ ಕಾಯಿತುರಿ, 350ರಿಂದ 400. ಒಗ್ಗರಣೆಗೆ ಎರಡು ದೊಡ್ಡ ಚಮಚ ಎಣ್ಣೆ, 240. ಎಲ್ಲ ಕೂಡಿದರೆ ಸಾವಿರದ ಆಸುಪಾಸು. ಅಡುಗೆ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. ಹುಳಿ 1500 ಗ್ರಾಂ ಆಗಿದೆ ಎನ್ನೋಣ. ಆ್ಯಪ್‌ನಲ್ಲಿ ‘ಎಷ್ಟು ಜನರಿಗೆ’ ಎಂದು ಕೇಳುವಲ್ಲಿ ಆರು ಎಂದೋ ಎಂಟು ಎಂದೋ ಹಾಕಬೇಡಿ, 1500 ಎಂದೇ ಹಾಕಿ. ಆಗ ಒಂದು ಗ್ರಾಂ ಒಂದು ಪಾಲಾಗುತ್ತದೆ. ತಟ್ಟೆಗೆ 150 ಗ್ರಾಂ ಬಡಿಸಿಕೊಂಡಿರಾ, 150 ಪಾಲು ಎಂದು ಬರೆಯಿರಿ, ಸುಮಾರು ನೂರು ಕ್ಯಾಲೊರಿ ಎಂದು ಅದೇ ಹೇಳುತ್ತದೆ. ಮೈಫಿಟ್‌ನೆಸ್‌ಪಾಲ್‌ನಲ್ಲೂ ಕ್ರೋನೋಮೀಟರ್‌ನಲ್ಲೂ ಈ ಉಪಾಯ ನಡೆಯುತ್ತದೆ. ಮುಂದಿನ ವಾರ ಹುಳಿ ಸ್ವಲ್ಪ ತೆಳ್ಳಗಾದರೆ ಕೊನೆಯ ತೂಕವೊಂದನ್ನು ತಿದ್ದಿದರಾಯಿತು.

ಈ ಲೆಕ್ಕದಲ್ಲಿ ಏನು ಕಾಣಿಸಿತು ನೋಡಿ. ತರಕಾರಿಗೆ 75, ಕಾಯಿ ಎಣ್ಣೆಗೆ ಆರುನೂರು. ಹಾಗೆಂದು ಕಾಯಿ ಬಿಡಿ ಎಂದು ನಾನು ಹೇಳುವುದಿಲ್ಲ, ಕಾಯಿಯಿಲ್ಲದ ಹುಳಿಯನ್ನು ಮಲೆನಾಡಿನಲ್ಲಿ ಎಷ್ಟು ದಿನ ಉಣ್ಣುತ್ತೀರಿ? ಅರ್ಧ ಹೋಳಿನ ಬದಲು ಕಾಲು ಹೋಳು, ಎರಡು ಚಮಚ ಎಣ್ಣೆಯ ಬದಲು ಒಂದು. ರುಚಿ ಉಳಿದುಕೊಂಡು ಒಂದು ಪಾತ್ರೆಯಲ್ಲಿ ಮುನ್ನೂರು ಇಳಿಯುತ್ತದೆ.

ತಂಬುಳಿಯೂ ಹೀಗೆಯೇ. ಒಂದೆಲಗ, 30 ಗ್ರಾಂ ಕಾಯಿತುರಿ, ಒಂದು ಬಟ್ಟಲು ಮೊಸರನ್ನು ಕಡೆದ ಮಜ್ಜಿಗೆ, ಚಮಚ ತುಪ್ಪದ ಒಗ್ಗರಣೆ: ನಾಲ್ಕು ಜನರ ತಂಬುಳಿಗೆ ಮುನ್ನೂರು ಕ್ಯಾಲೊರಿ ದಾಟುವುದಿಲ್ಲ. ನಿಮ್ಮ ಊಟದಲ್ಲಿ ಧೈರ್ಯವಾಗಿ ಎರಡನೇ ಸಲ ಬಡಿಸಿಕೊಳ್ಳಬಹುದಾದದ್ದು ಅದು. ಮಿಡಿ ಉಪ್ಪಿನಕಾಯಿಯನ್ನು ಆ್ಯಪ್‌ನಲ್ಲಿ ‘ಮಾವಿನ ಉಪ್ಪಿನಕಾಯಿ’ ಎಂದು ಹುಡುಕಿ ಹಾಕಿದರೆ ಉತ್ತರ ಭಾರತದ ಎಣ್ಣೆ ಉಪ್ಪಿನಕಾಯಿಯ ಲೆಕ್ಕ ಬಂದು ಕೂರುತ್ತದೆ. ನಮ್ಮದು ಉಪ್ಪುನೀರು, ಸಾಸಿವೆ, ಮೆಣಸಿನದ್ದು. ಕ್ಯಾಲೊರಿ ಲೆಕ್ಕಕ್ಕಿಲ್ಲದಷ್ಟು, ಗಮನ ಇಡಬೇಕಾದದ್ದು ಉಪ್ಪಿನ ಮೇಲೆ.

ನನ್ನ ಬಳಿ ಬರುವವರ ಪಟ್ಟಿಗಳಲ್ಲಿ ಅತಿ ದೊಡ್ಡ ತಪ್ಪು ಕಾಣುವುದು ಅನ್ನದಲ್ಲಿ. ನೂರು ಗ್ರಾಂ ಅಕ್ಕಿಗೆ 356, ಅದೇ ಅಕ್ಕಿ ಬೆಂದು ಅನ್ನವಾದರೆ ನೂರು ಗ್ರಾಂಗೆ ಸುಮಾರು 130. ಆ್ಯಪ್‌ನಲ್ಲಿ ಎರಡೂ ‘ರೈಸ್’ ಎಂದೇ ಇರುತ್ತವೆ. 150 ಗ್ರಾಂ ಅನ್ನ ಉಂಡು ಅಕ್ಕಿಯ ಸಾಲನ್ನು ಒತ್ತಿದರೆ 195ರ ಜಾಗದಲ್ಲಿ 534 ಬೀಳುತ್ತದೆ. ಹೀಗೆ ಮಾಡಿದವರೊಬ್ಬರು ದಿನಕ್ಕೆ ಎರಡೂವರೆ ಸಾವಿರ ತಿನ್ನುತ್ತಿದ್ದೇನೆಂದು ಹೆದರಿ ರಾತ್ರಿಯ ಊಟವನ್ನೇ ಬಿಟ್ಟಿದ್ದರು. ಬೇಯಿಸಿದ್ದು ಎಂದು ಬರೆದ ಸಾಲನ್ನೇ ಹುಡುಕಿ, ಅನ್ನವನ್ನೇ ತೂಗಿ.

ಇನ್ನು ಬರೆಯಲು ಮರೆಯುವ ವಸ್ತುಗಳು. 1992ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ನಡೆಯಿತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನು ಕರೆದು, ಅವರ ದೇಹ ನಿಜಕ್ಕೂ ಎಷ್ಟು ಶಕ್ತಿ ಖರ್ಚು ಮಾಡುತ್ತಿದೆ ಎಂದು ಅಳೆದರು. ಅವರು ಬರೆದುಕೊಟ್ಟದ್ದು ತಿಂದದ್ದಕ್ಕಿಂತ ಸರಾಸರಿ ಶೇ. 47ರಷ್ಟು ಕಡಿಮೆ ಇತ್ತು. ಅವರು ಸುಳ್ಳು ಹೇಳುತ್ತಿದ್ದರು ಎಂದು ನಾನು ತಿಳಿಯುವುದಿಲ್ಲ. ಅಡುಗೆ ಮಾಡುವವರಿಗೆ ತಿನ್ನುವುದೂ ಕೆಲಸದ ಒಂದು ಭಾಗ. ರುಚಿ ನೋಡಿದ ಪಲ್ಯ, ಮಗು ಬಿಟ್ಟ ಅರ್ಧ ದೋಸೆ, ನೆಂಟರು ಬಂದಾಗ ನೀರಿನ ಜೊತೆ ಬಾಯಿಗೆ ಹಾಕಿಕೊಂಡ ಬೆಲ್ಲದ ಚೂರು, ಮಳೆ ನೋಡುತ್ತಾ ತಿಂದ ಹಲಸಿನ ಚಿಪ್ಸ್. ಇಪ್ಪತ್ತು ಗ್ರಾಂ ಬೆಲ್ಲ 70 ಕ್ಯಾಲೊರಿ. ಎರಡು ಚಮಚ ಸಕ್ಕರೆ ಹಾಕಿದ ಕಾಫಿಯಲ್ಲಿ ಸಕ್ಕರೆಯದ್ದೇ 40, ದಿನಕ್ಕೆ ನಾಲ್ಕು ಲೋಟವಾದರೆ ಒಂದು ರೊಟ್ಟಿಗಿಂತ ಹೆಚ್ಚು. ಹಾಲಿನದ್ದು ಬೇರೆ. ಪ್ಯಾಕೆಟ್ ಹಾಲಾದರೆ ಅದರ ಮೇಲೆ ಅಚ್ಚಾದ ಅಂಕಿಯನ್ನೇ ಹಾಕಿ. ಕೊಟ್ಟಿಗೆಯ ಹಾಲಾದರೆ ಕೆನೆ ತೆಗೆಯದ ಹಾಲಿನ ಸಾಲು ಆರಿಸಿ.

ಫೋಟೊ ತೆಗೆದರೆ ಸಾಕು, ಲೆಕ್ಕ ನಾನೇ ಹೇಳುತ್ತೇನೆ ಎನ್ನುವ ಆ್ಯಪ್‌ಗಳು ಈಗ ಬಂದಿವೆ, ಹೆಲ್ದಿಫೈಯಲ್ಲೂ ಆ ಸೌಲಭ್ಯವಿದೆ. ಬಾಳೆಹಣ್ಣು, ಇಡ್ಲಿ, ಮೊಟ್ಟೆಗೆ ಪರವಾಗಿಲ್ಲ. ಕ್ಯಾಮೆರಾಕ್ಕೆ ಹುಳಿಯ ಬಣ್ಣ ಕಾಣುತ್ತದೆ, ಅದರಲ್ಲಿ ಅರೆದು ಸೇರಿಸಿದ ಕಾಯಿ ಕಾಣುವುದಿಲ್ಲ. ಕೊಟ್ಟೆ ಕಡುಬನ್ನು ಎಲೆ ಬಿಚ್ಚಿ ಇಟ್ಟರೂ ಅದು ಇಡ್ಲಿ ಎಂದೇ ಓದುವ ಸಾಧ್ಯತೆ ಹೆಚ್ಚು, ತೂಕ ಮಾತ್ರ ಎರಡು ಮೂರು ಇಡ್ಲಿಯದ್ದು. ನಮ್ಮ ಅಡುಗೆಗೆ ಇದನ್ನು ನೆಚ್ಚಿಕೊಳ್ಳಬೇಡಿ.

ಪೋಷಕಾಂಶದ ಪಟ್ಟಿ ನೋಡುವಾಗ ಒಂದು ವಿಷಯ ನೆನಪಿಡಿ, ಇದನ್ನು ಹೇಳುವವರು ಕಡಿಮೆ: ಖಾಲಿ ಜಾಗ ಎಂದರೆ ಸೊನ್ನೆಯಲ್ಲ. ಬಳಕೆದಾರರು ತುಂಬಿದ ಬಸಳೆ ಪಲ್ಯದ ಸಾಲಿನಲ್ಲಿ ಕ್ಯಾಲೊರಿ ಮಾತ್ರ ಇದ್ದು ಕಬ್ಬಿಣದ ಅಂಕಿಯೇ ಇಲ್ಲದಿದ್ದರೆ, ದಿನದ ಮೊತ್ತದಲ್ಲಿ ಕಬ್ಬಿಣ ಕಡಿಮೆ ಎಂದು ಕೆಂಪು ಗೆರೆ ಬರುತ್ತದೆ. ಅದನ್ನು ನೋಡಿ ಮಾತ್ರೆ ಕೊಳ್ಳಬೇಡಿ, ಹಿಮೋಗ್ಲೋಬಿನ್, ಜೊತೆಗೆ ದೇಹದಲ್ಲಿನ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ. ಬಿ12 ಮಾತ್ರ ಬೇರೆ ವಿಷಯ. ನೀವು ಮೀನು, ಮೊಟ್ಟೆ, ಕೋಳಿ ತಿನ್ನದವರಾದರೆ ಹಾಲು ಮೊಸರಿನಿಂದಷ್ಟೇ ಅದು ಬರಬೇಕು, ಅಲ್ಲಿ ಆ್ಯಪ್ ಕಡಿಮೆ ತೋರಿಸಿದರೆ ಅದನ್ನು ಡಾಕ್ಟರಿಗೆ ಹೇಳಿ.

ಸಕ್ಕರೆ ಅಂಚಿನಲ್ಲಿರುವ ನಿಮಗೆ ಕ್ಯಾಲೊರಿಗಿಂತ ಮುಖ್ಯವಾದ ಎರಡು ಸಾಲುಗಳಿವೆ: ಕಾರ್ಬೋಹೈಡ್ರೇಟ್ ಮತ್ತು ಪ್ರೊಟೀನ್. ಮೂರು ರೊಟ್ಟಿಯಲ್ಲಿ ಕಾರ್ಬೋಹೈಡ್ರೇಟ್ 98 ಗ್ರಾಂ, ಪ್ರೊಟೀನ್ ಹತ್ತು. ದಿನಕ್ಕೆ ಪ್ರೊಟೀನ್ ಬೇಕಾದದ್ದು ದೇಹದ ಪ್ರತಿ ಕೆ.ಜಿ.ಗೆ 0.83 ಗ್ರಾಂ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು. ನಿಮ್ಮ 68 ಕೆ.ಜಿ.ಗೆ ಅದು ಸುಮಾರು 56 ಗ್ರಾಂ. 2025ರಲ್ಲಿ ಪ್ರಕಟವಾದ ಇದೇ ಮಂಡಳಿಯ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತೀಯರ ಕ್ಯಾಲೊರಿಯಲ್ಲಿ ಶೇ. 62ರಷ್ಟು ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅನ್ನ, ಸಂಜೆ ಅವಲಕ್ಕಿ, ರಾತ್ರಿ ಮತ್ತೆ ಅನ್ನ: ಎಲ್ಲವೂ ಅದೇ ಅಕ್ಕಿ. ಮೂರರ ಬದಲು ಎರಡು ರೊಟ್ಟಿ, ಜೊತೆಗೆ ಹೆಸರುಕಾಳಿನ ಉಸಲಿಯೋ ಎರಡು ಮೊಟ್ಟೆಯೋ. ಇಷ್ಟು ಬದಲಾವಣೆ ವಾರದ ಪಟ್ಟಿಯಲ್ಲಿ ಏನು ಮಾಡುತ್ತದೆಂದು ನೀವೇ ನೋಡಿ.

ಗುರಿ ಎಷ್ಟಿಡಬೇಕು? ಬಹಳಷ್ಟು ಆ್ಯಪ್‌ಗಳು ಬಳಸುವುದು 1990ರ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ. ಅದರ ಹೆಂಗಸರ ಲೆಕ್ಕಕ್ಕೆ ನಿಮ್ಮ ಎತ್ತರ, ತೂಕ, ವಯಸ್ಸು ಹಾಕಿದರೆ ಸುಮ್ಮನೆ ಮಲಗಿದ್ದರೂ ದೇಹಕ್ಕೆ ಬೇಕಾದದ್ದು ದಿನಕ್ಕೆ 1278 ಎಂದು ಬರುತ್ತದೆ. ಮನೆ, ತೋಟದ ಹಗುರ ಕೆಲಸಕ್ಕೆ 1.375ರಿಂದ ಗುಣಿಸಿದರೆ 1750ರ ಆಸುಪಾಸು. ವಾರಕ್ಕೆ ಒಂದು ಕೆ.ಜಿ. ಇಳಿಸುತ್ತೇನೆಂದು ಒತ್ತಿದರೆ ಆ್ಯಪ್ ನಿಮ್ಮನ್ನು 1200ಕ್ಕೆ ತಳ್ಳುತ್ತದೆ. ಬೇಡ. 1400ರಿಂದ 1450 ಇಟ್ಟುಕೊಳ್ಳಿ, ತಿಂಗಳಿಗೆ ಒಂದರಿಂದ ಒಂದೂವರೆ ಕೆ.ಜಿ. ಇಳಿದರೆ ಸಾಕು. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ದೇಹತೂಕದ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ನಡೆಯುವಂಥ ವ್ಯಾಯಾಮ ಮಾಡುವ ಗುರಿ ಇಟ್ಟುಕೊಂಡವರ ಗುಂಪಿನಲ್ಲಿ ಮಧುಮೇಹ ಬರುವುದು ಶೇ. 58ರಷ್ಟು ತಗ್ಗಿತು. ನಿಮ್ಮ 68 ಕೆ.ಜಿ.ಯ ಶೇ. 7 ಎಂದರೆ 4.8. ನಿಮ್ಮ ಡಾಕ್ಟರು ನಾಲ್ಕೈದು ಎಂದದ್ದು ಸುಮ್ಮನೆ ಅಲ್ಲ.

ಕೈಗಡಿಯಾರ ‘ಇವತ್ತು 400 ಸುಟ್ಟಿರಿ’ ಎಂದರೆ ಆ 400ನ್ನು ಊಟಕ್ಕೆ ಸೇರಿಸಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಎಲ್ಲಕ್ಕಿಂತ ಒಳ್ಳೆಯದು ಎನಿಸಿದ್ದೇ ಶೇ. 27ರಷ್ಟು ತಪ್ಪುತ್ತಿತ್ತು. ಆ್ಯಪ್‌ನಲ್ಲಿ ವ್ಯಾಯಾಮದ ಕ್ಯಾಲೊರಿಯನ್ನು ಊಟಕ್ಕೆ ಕೂಡಿಸುವ ಆಯ್ಕೆಯಿದ್ದರೆ ಅದನ್ನು ಆಫ್ ಮಾಡಿಬಿಡಿ.

ಇಷ್ಟೆಲ್ಲ ಮಾಡಿದರೂ ನಿಮ್ಮ ಲೆಕ್ಕ ಹತ್ತು ಹದಿನೈದು ಪ್ರತಿಶತ ಅತ್ತಿತ್ತ ಇದ್ದೇ ಇರುತ್ತದೆ. ಅದು ಪರವಾಗಿಲ್ಲ. ಹಿಂದೆ ಒಂದೊಂದು ಮನೆಗೂ ಅದರದ್ದೇ ಪಾವು, ಸೇರು ಇರುತ್ತಿತ್ತಲ್ಲ, ನಮ್ಮ ಸೇರು ಪಕ್ಕದ ಮನೆಯ ಸೇರಿಗೆ ಸರಿಹೊಂದದಿದ್ದರೂ ವರ್ಷವಿಡೀ ಅದೇ ಸೇರಿನಲ್ಲಿ ಅಳೆದರೆ ಕಣಜದ ಲೆಕ್ಕ ತಪ್ಪುತ್ತಿರಲಿಲ್ಲ. ಇಲ್ಲೂ ಅಷ್ಟೇ. ಒಂದೇ ಆ್ಯಪ್, ಒಂದೇ ರೀತಿ, ನಾಲ್ಕು ವಾರ. ವಾರಕ್ಕೆ ಮೂರು ದಿನ ಬೆಳಿಗ್ಗೆ ತೂಕ ನೋಡಿ ಸರಾಸರಿ ಬರೆಯಿರಿ. ನಿಮ್ಮ ಪಟ್ಟಿಯಲ್ಲಿ ದಿನಕ್ಕೆ 1450 ಎಂದಿದ್ದೂ ತೂಕ ಅಲ್ಲಾಡದಿದ್ದರೆ, ನಿಮ್ಮ ಸೇರಿನಲ್ಲಿ ಅಷ್ಟೇ ನಿಮ್ಮ ದೇಹದ ಖರ್ಚು ಎಂದರ್ಥ. ಮೊದಲು ಮರೆತುಹೋದ ಕಾಫಿ, ಬೆಲ್ಲ ಹುಡುಕಿ, ಆಮೇಲೂ ಹಾಗೇ ಇದ್ದರೆ ನೂರು ನೂರೈವತ್ತು ತಗ್ಗಿಸಿ. ಮ್ಯಾಕ್ರೋಫ್ಯಾಕ್ಟರ್ ಎಂಬ ಆ್ಯಪ್ ಈ ತಾಳೆ ನೋಡುವ ಕೆಲಸವನ್ನು ತಾನೇ ಮಾಡುತ್ತದೆ, ಆದರೆ ಅದಕ್ಕೆ ಚಂದಾ ಕಟ್ಟಬೇಕು. ನಿಮ್ಮ ಬಳಿ ಪೆನ್ನು ಇದೆ.

ಯಾವ ಆ್ಯಪ್‌ಗೇ ಆಗಲಿ, ಬ್ಯಾಂಕಿಗೆ ಬಳಸುವ ಪಾಸ್‌ವರ್ಡ್ ಕೊಡಬೇಡಿ. 2018ರಲ್ಲಿ ಮೈಫಿಟ್‌ನೆಸ್‌ಪಾಲ್‌ನ ಸುಮಾರು 15 ಕೋಟಿ ಖಾತೆಗಳ ಮಾಹಿತಿ ಕಳ್ಳರ ಪಾಲಾಗಿತ್ತು.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಆ್ಯಪ್ ಹೇಳಿತೆಂದು ಊಟ ಕಡಿಮೆ ಮಾಡಬೇಡಿ, ಸಕ್ಕರೆ ದಿಢೀರನೆ ಇಳಿಯುತ್ತದೆ, ಮೊದಲು ಡಾಕ್ಟರನ್ನು ಕೇಳಿ. ಗರ್ಭಿಣಿಯರಿಗೆ ಇದು ಬೇಡ. ಊಟದ ಬಗ್ಗೆ ಮೊದಲೇ ಭಯ, ತಪ್ಪಿತಸ್ಥ ಭಾವ ಇರುವವರಿಗೆ, ಹದಿಹರೆಯದ ಹೆಣ್ಣುಮಕ್ಕಳಿಗೆ ದಯವಿಟ್ಟು ಈ ಆ್ಯಪ್ ಹಾಕಿಕೊಡಬೇಡಿ.

ಕೊನೆಗೆ ನಿಮ್ಮ ನೆಟ್‌ವರ್ಕಿನ ವಿಷಯ. ಆಗುಂಬೆ ಸುತ್ತಿನ ಮಳೆಗಾಲದಲ್ಲಿ ಕರೆಂಟೇ ಎರಡು ಮೂರು ದಿನ ಇರುವುದಿಲ್ಲವೆಂದು ನನಗೆ ಗೊತ್ತು. ಬೇಸಿಗೆಯಲ್ಲಿ ತಕ್ಕಡಿ ಹಿಡಿದು ಮಾಡಿದ ಲೆಕ್ಕವನ್ನೆಲ್ಲ ಒಂದು ರಟ್ಟಿನ ಮೇಲೆ ದೊಡ್ಡಕ್ಷರದಲ್ಲಿ ಬರೆದು ಒಲೆಯಿಂದ ದೂರದ ಗೋಡೆಗೆ ಅಂಟಿಸಿ: ರೊಟ್ಟಿ ಒಂದಕ್ಕೆ 150, ಹುಳಿ ಸೌಟಿಗೆ ಇಷ್ಟು, ತಂಬುಳಿ ಲೋಟಕ್ಕೆ ಇಷ್ಟು, ಅನ್ನ ಸಟ್ಟುಗಕ್ಕೆ ಇಷ್ಟು. ತಿಂದಾಗ ಕ್ಯಾಲೆಂಡರಿನ ಹಿಂದೆ ‘ರೊ 2, ಹು 1, ಕಾ 1’ ಎಂದು ಗೀಚಿಡಿ. ಸಿಗ್ನಲ್ ಬಂದ ದಿನ ಆ್ಯಪ್‌ಗೆ ಏರಿಸಿ. ಬರದಿದ್ದರೆ ಆ ಹಾಳೆಯನ್ನೇ ಹರಿದು ಡಾಕ್ಟರ ಬಳಿಗೆ ಒಯ್ಯಿರಿ.